ಜಾಮ್ ಇರುವ ಊರು, ಜಾಮ್ ಇಲ್ಲದ ಊರು

ಹತ್ತು ಕಿಲೋಮೀಟರ್ ಹೋಗೋಕೆ ಎಷ್ಟು ಹೊತ್ತು ಬೇಕು? ನಮ್ಮ ದಂಡಿನಶಿವರದ ಕಡೆ ಯಾರನ್ನಾದರೂ ಕೇಳಿ, "ಹತ್ತು ನಿಮಿಷ ಸಾಕು" ಅಂತಾರೆ. ಬೈಕೋ ಬಸ್ಸೋ, ಹಗಲೋ ರಾತ್ರಿಯೋ ಎಂಬ ಪ್ರಶ್ನೆಯೇ ಇಲ್ಲ. ಹತ್ತು ಕಿಲೋಮೀಟರ್ ಅಂದರೆ ಹತ್ತು ನಿಮಿಷ, ಅಷ್ಟೆ.

ಬೆಂಗಳೂರಿನಲ್ಲಿ 2024ರಲ್ಲಿ ಅದೇ ಹತ್ತು ಕಿಲೋಮೀಟರ್‌ಗೆ ಸರಾಸರಿ 34 ನಿಮಿಷ 10 ಸೆಕೆಂಡ್ ಹಿಡಿದಿದೆ. ಲೆಕ್ಕ ಹಾಕಿದ್ದು ಟಾಮ್‌ಟಾಮ್ ಅನ್ನುವ ನೆದರ್ಲೆಂಡ್ಸ್ ದೇಶದ ಕಂಪನಿ. ಗಾಡಿಗಳಲ್ಲಿ ದಾರಿ ತೋರಿಸುವ ಯಂತ್ರಗಳಿಂದ, ಫೋನುಗಳಿಂದ ಬರುವ ಮಾಹಿತಿ ಕೂಡಿಸಿ ಅವರು ಪ್ರತಿವರ್ಷ ಜಗತ್ತಿನ ನಗರಗಳ ಪಟ್ಟಿ ಮಾಡುತ್ತಾರೆ. ಆ ವರ್ಷ ಎಲ್ಲಕ್ಕಿಂತ ನಿಧಾನದ ನಗರ ಕೊಲಂಬಿಯಾ ದೇಶದ ಬರಾಂಕಿಯಾ. ಎರಡನೆಯದು ಕೋಲ್ಕತ್ತ, ಮೂರನೆಯದು ಬೆಂಗಳೂರು, ನಾಲ್ಕನೆಯದು ಪುಣೆ, ಐದನೆಯದು ಲಂಡನ್. 2019ರ ಪಟ್ಟಿಯಲ್ಲಂತೂ ಬೆಂಗಳೂರೇ ಮೊದಲು. ಖಾಲಿ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿಗೆ ಅಲ್ಲಿ ಸರಾಸರಿ 51 ನಿಮಿಷ ಬೇಕಾಗುತ್ತಿತ್ತು.

34 ನಿಮಿಷಕ್ಕೆ ಹತ್ತು ಕಿಲೋಮೀಟರ್ ಅಂದರೆ ಗಂಟೆಗೆ ಹದಿನೇಳೂವರೆ ಕಿಲೋಮೀಟರ್ ವೇಗ. ಹೈಸ್ಕೂಲ್ ಹುಡುಗರು ಬೆಲ್ ಹೊಡೆಯುವ ಹೊತ್ತಿಗೆ ಸೈಕಲ್ ತುಳಿದುಕೊಂಡು ಬರುತ್ತಾರಲ್ಲ, ಹೆಚ್ಚುಕಮ್ಮಿ ಅಷ್ಟು. ಹತ್ತು ಲಕ್ಷದ ಕಾರೂ ಅಷ್ಟೆ, ಮೂವತ್ತು ಲಕ್ಷದ ಕಾರೂ ಅಷ್ಟೆ.

ಈ ಸುದ್ದಿ ಬಂದಾಗೆಲ್ಲ ಊರಲ್ಲಿ ಟೀ ಅಂಗಡಿ ಮುಂದೆ ಒಂದು ಸಮಾಧಾನದ ನಗು ಏಳುತ್ತದೆ. "ಅಲ್ಲಿ ದುಡ್ಡು ಐತೆ, ನೆಮ್ಮದಿ ಇಲ್ಲ" ಅಂತ ಒಬ್ಬರು. "ನಮ್ಮದೇ ವಾಸಿ, ಜಾಮೂ ಇಲ್ಲ ಹೊಗೇನೂ ಇಲ್ಲ" ಅಂತ ಇನ್ನೊಬ್ಬರು. ಆದರೆ ವಾರಕ್ಕೆ ಮೂರು ರಾತ್ರಿ ಕ್ಯಾಂಟರ್‌ನಲ್ಲಿ ಎಳನೀರು ತುಂಬಿಕೊಂಡು ಬೆಂಗಳೂರಿಗೆ ಹೋಗಿಬರುವ ನಮ್ಮ ಸೋದರಮಾವ ಮಾತ್ರ ಆ ನಗುವಿಗೆ ಸೇರುವುದಿಲ್ಲ.

"ಬೆಂಗ್ಳೂರಲ್ಲಿ ಗಾಡಿ ಓಡ್ಸೋದು ಸುಲ್ಬ ಕಣವ್ವ" ಅಂದರು ಒಂದು ದಿನ. "ಯಾಕಂದ್ರೆ ಅಲ್ಲಿ ಗಾಡಿ ಓಡೋದೇ ಇಲ್ಲ. ಕ್ಲಚ್ ತುಳಿದು ತುಳಿದು ಕಾಲು ನೋಯ್ತದೆ, ಅಷ್ಟೇಯ. ತುಮಕೂರು ದಾಟಿ, ಗುಬ್ಬಿ ದಾಟಿ, ನಮ್ಮ ಹಳ್ಳಿ ರೋಡಿಗೆ ತಿರುಗಿಸ್ತೀನಲ್ಲ, ಅಲ್ಲಿಂದ ನಂಗೆ ಭಯ ಶುರು ಆಗೋದು."

ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರ ಮಾತು. ತಮಾಷೆಗೆ ಹೇಳಿದ್ದಲ್ಲ ಅಂತ ನನಗೆ ಗೊತ್ತು. ಅದಕ್ಕೇ ಈ ಬರಹ.

ಮೊದಲು ಬೆಂಗಳೂರಿನದನ್ನೇ ನೋಡೋಣ. ನಮ್ಮ ಕಡೆಯವರಿಗೆ ಬೆಂಗಳೂರು ಅಂದರೆ ವಿಧಾನಸೌಧವಲ್ಲ, ತುಮಕೂರು ರಸ್ತೆ. ದಾಬಸ್‌ಪೇಟೆವರೆಗೆ ನಿದ್ದೆ, ನೆಲಮಂಗಲಕ್ಕೆ ಎಚ್ಚರ, ಆಮೇಲೆ ಎಂಟನೇ ಮೈಲಿ, ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ. ಊರಿಂದ ತುಮಕೂರಿಗೆ ಬರಲು ಆದಷ್ಟೇ ಹೊತ್ತು ನೆಲಮಂಗಲದಿಂದ ಯಶವಂತಪುರಕ್ಕೆ ಆದ ದಿನಗಳು ನಿಮಗೂ ನೆನಪಿರಬಹುದು. 2021ರ ಡಿಸೆಂಬರ್‌ನಲ್ಲಿ ಪೀಣ್ಯದ ಮೇಲ್ಸೇತುವೆಯ ಒಳಗಿನ ಕೇಬಲ್‌ಗಳು ಹಾಳಾಗಿವೆ ಅಂತ ಅದರ ಮೇಲೆ ಗಾಡಿ ಬಿಡುವುದನ್ನು ನಿಲ್ಲಿಸಿದರು. ಮುಂದಿನ ಫೆಬ್ರವರಿಗೆ ಕಾರು, ಬೈಕಿಗೆ ದಾರಿ ಸಿಕ್ಕಿತು. ಬಸ್ಸು, ಲಾರಿಗೆ ಸಿಕ್ಕಿದ್ದು 2024ರಲ್ಲಿ. ಅಷ್ಟು ಕಾಲ ಮೇಲೆ ಕಾರಿನವರು, ಕೆಳಗೆ ನಾವು. ಕೆಂಪು ಬಸ್ಸಿನ ಕಿಟಕಿಯಿಂದ ಆ ಕಂಬಗಳನ್ನು ಒಂದೊಂದಾಗಿ ಎಣಿಸಿದವರು ತುಮಕೂರು, ಹಾಸನ, ಶಿವಮೊಗ್ಗದ ಹಳ್ಳಿ ಜನ.

ಈಗ ಸ್ವಲ್ಪ ವಾಸಿ. 2024ರ ನವೆಂಬರ್‌ನಿಂದ ಮೆಟ್ರೊ ಮಾದಾವರದವರೆಗೆ ಬಂದಿದೆ. ಬಸ್ಸಿನಿಂದ ಅಲ್ಲೇ ಇಳಿದು ಮೆಟ್ರೊ ಹತ್ತಿದರೆ ಗೊರಗುಂಟೆಪಾಳ್ಯದ ಜಾಮನ್ನು ಮೇಲಿಂದ ನೋಡಿಕೊಂಡು ಹೋಗಬಹುದು. ಅಮ್ಮಸಂದ್ರದಲ್ಲಿ ರೈಲು ಹತ್ತುವವರಿಗೆ ಇದ್ಯಾವ ತಲೆನೋವೂ ಇಲ್ಲ, ಅವರ ತಲೆನೋವು ಸೀಟಿನದು.

ಬೆಂಗಳೂರಿನಲ್ಲಿ ನೋಂದಣಿಯಾದ ಗಾಡಿಗಳು ಒಂದು ಕೋಟಿ ದಾಟಿವೆ. ಆ ಜಾಮ್‌ನಲ್ಲಿ ನಿಂತಾಗ ಸುತ್ತ ನಂಬರ್ ಪ್ಲೇಟ್ ನೋಡಿ. ಕೆಎ 44 ಅಂತ ತಿಪಟೂರಿನದು ಒಂದಾದರೂ ಕಾಣುತ್ತದೆ, ಕೆಎ 06 ಅಂತ ತುಮಕೂರಿನವು ಬೇಕಾದಷ್ಟು. ಕ್ಯಾಬ್ ಓಡಿಸುವವರಲ್ಲಿ, ಡೆಲಿವರಿ ಹುಡುಗರಲ್ಲಿ ನಮ್ಮ ತಾಲೂಕುಗಳವರು ಎಷ್ಟೋ ಮಂದಿ. "ಬೆಂಗಳೂರಿನವರಿಗೆ ಗಾಡಿ ಓಡಿಸೋಕೆ ಬರಲ್ಲ" ಅನ್ನುವ ಮಾತು ಕೇಳಿದಾಗ ನನಗೆ ನಗು ಬರುತ್ತದೆ. ಓಡಿಸುತ್ತಿರುವವರಲ್ಲಿ ಅರ್ಧ ಜನ ನಾವೇ ಅಲ್ವಾ? ಊರಿನ ರಸ್ತೆಯಲ್ಲಿ ಕಲಿತ ಅಭ್ಯಾಸವನ್ನೇ ಅಲ್ಲಿಗೂ ಒಯ್ದಿದ್ದೇವೆ.

ಹಾರನ್ನನ್ನೇ ತಗೊಳ್ಳಿ. ನಮ್ಮ ಕಡೆ ಹಾರನ್ ಅಂದರೆ ಮಾತು. ತಿರುವಿನಲ್ಲಿ "ಬರ್ತಾ ಇದೀನಿ" ಅನ್ನೋಕೆ ಒಂದು, ದನ ಸರಿಸೋಕೆ ಒಂದು, ತೋಟದಲ್ಲಿ ಕಾಯಿ ಕೆಡವುತ್ತಿರುವ ಅಣ್ಣನಿಗೆ "ಚೆನ್ನಾಗಿದೀಯ?" ಅನ್ನೋಕೆ ಒಂದು. ಕಿಲೋಮೀಟರ್‌ಗೆ ನಾಲ್ಕು ಗಾಡಿ ಇರುವ ಕಡೆ ಅದು ಸರಿ. ನಾನೂರು ಗಾಡಿ ಇರುವ ಕಡೆ ಎಲ್ಲರೂ ಮಾತಾಡಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಮುಂಬೈ ಪೊಲೀಸರು ಒಮ್ಮೆ ಕೆಲವು ಸಿಗ್ನಲ್‌ಗಳಲ್ಲಿ ಒಂದು ಯಂತ್ರ ಕೂರಿಸಿ ನೋಡಿದರು. ಕೆಂಪು ದೀಪದಲ್ಲಿ ನಿಂತವರ ಹಾರನ್ ಸದ್ದು 85 ಡೆಸಿಬಲ್ ದಾಟಿದರೆ ಕಾಯುವ ಸೆಕೆಂಡುಗಳು ಮತ್ತೆ ಮೊದಲಿಂದ ಶುರು. ಹಾರನ್ ಹೊಡೆದಷ್ಟೂ ಕಾಯಿರಿ ಅಂತ. ಬೆಂಗಳೂರು ಪೊಲೀಸರು 2019ರಲ್ಲಿ ಇನ್ನೊಂದು ಮಾಡಿದ್ದರು. ಬಟ್ಟೆ ಅಂಗಡಿಯ ಬೊಂಬೆಗಳಿಗೆ ಟ್ರಾಫಿಕ್ ಪೊಲೀಸ್ ಬಟ್ಟೆ, ಟೋಪಿ, ಕನ್ನಡಕ ಹಾಕಿ ರಸ್ತೆ ಬದಿ ನಿಲ್ಲಿಸಿದರು. ನಾವು ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸುತ್ತೀವಲ್ಲ, ಅದೇ. ಹಕ್ಕಿಗಳಿಗೆ ಬೆರ್ಚಪ್ಪ ಯಾವುದು ಅಂತ ಗೊತ್ತಾಗೋಕೆ ಎಷ್ಟು ದಿನ ಬೇಕು ಅಂತ ರೈತರಿಗೆ ಹೇಳಬೇಕಿಲ್ಲ.

ಬೇರೆ ದೇಶದವರು ಇದಕ್ಕೆ ಏನೇನು ಮಾಡಿದ್ದಾರೆ ಅಂತ ಓದುತ್ತಾ ಹೋದರೆ ಮನುಷ್ಯ ಎಲ್ಲ ಕಡೆ ಒಂದೇ ಅನ್ನಿಸುತ್ತದೆ. ಇಂಡೋನೇಷ್ಯಾದ ಜಕಾರ್ತದಲ್ಲಿ 1992ರಲ್ಲಿ ಒಂದು ನಿಯಮ ಬಂತು: ಜನಜಂಗುಳಿಯ ಹೊತ್ತಿನಲ್ಲಿ ದೊಡ್ಡ ರಸ್ತೆಗಳಿಗೆ ಬರುವ ಕಾರಿನಲ್ಲಿ ಕನಿಷ್ಠ ಮೂರು ಜನ ಇರಲೇಬೇಕು. ಒಬ್ಬೊಬ್ಬರೇ ಕಾರು ತರುವುದು ನಿಲ್ಲಲಿ ಅಂತ. ಆಗಿದ್ದೇನು? ಆ ರಸ್ತೆಗಳ ಬಾಯಲ್ಲಿ ಬಡವರು ಕೈಯೆತ್ತಿ ನಿಲ್ಲತೊಡಗಿದರು. ಸ್ವಲ್ಪ ಕಾಸು ಕೊಟ್ಟರೆ ಕಾರಿನಲ್ಲಿ ಸುಮ್ಮನೆ ಕೂತು ಲೆಕ್ಕಕ್ಕೆ ಒಂದು ತಲೆ ಆಗುತ್ತಿದ್ದರು. ಅವರನ್ನು ಅಲ್ಲಿ ಜಾಕಿಗಳು ಅಂತ ಕರೆಯುತ್ತಿದ್ದರು. ಮಗು ಎತ್ತಿಕೊಂಡ ತಾಯಿಗೆ ಬೇಡಿಕೆ ಜಾಸ್ತಿ, ಒಂದೇ ಸಲಕ್ಕೆ ಎರಡು ತಲೆ. 2016ರಲ್ಲಿ ಸರ್ಕಾರ ಆ ನಿಯಮವನ್ನೇ ತೆಗೆದುಹಾಕಿತು. ತೆಗೆದ ಮೇಲೆ ಜಾಮ್ ಕಡಿಮೆಯಾಗಲಿಲ್ಲ, ಇನ್ನೂ ಹೆಚ್ಚಾಯಿತು ಅಂತ ಸಂಶೋಧಕರು ಫೋನ್ ನಕ್ಷೆಯ ಮಾಹಿತಿ ಇಟ್ಟುಕೊಂಡು ತೋರಿಸಿದರು. ಅಂದರೆ ಅಷ್ಟೊಂದು ಕಳ್ಳಾಟದ ನಡುವೆಯೂ ನಿಯಮ ಕೆಲಸ ಮಾಡುತ್ತಿತ್ತು.

ಸಿಂಗಾಪುರದವರು ದುಡ್ಡಿನ ದಾರಿ ಹಿಡಿದರು. ಅಲ್ಲಿ ಕಾರು ಕೊಳ್ಳುವ ಮೊದಲು ಕಾರು ಇಟ್ಟುಕೊಳ್ಳುವ ಹಕ್ಕನ್ನು ಹರಾಜಿನಲ್ಲಿ ಕೊಳ್ಳಬೇಕು, 1990ರಿಂದ ಹೀಗೆ. ಆ ಹಕ್ಕು ಹತ್ತೇ ವರ್ಷಕ್ಕೆ. ಅದರ ಬೆಲೆ ಒಂದು ಲಕ್ಷ ಸಿಂಗಾಪುರ ಡಾಲರ್ ದಾಟಿದ್ದೂ ಉಂಟು, ನಮ್ಮ ದುಡ್ಡಿನಲ್ಲಿ ಅರವತ್ತು ಲಕ್ಷದ ಮೇಲೆ. ಕಾರಿನ ದುಡ್ಡು ಬೇರೆ! ತಿಪಟೂರಿನ ಮಾರ್ಕೆಟ್‌ನಲ್ಲಿ ಕೊಬ್ಬರಿ ಹರಾಜಾದ ಹಾಗೆ ಅಲ್ಲಿ ರಸ್ತೆಯ ಜಾಗ ಹರಾಜಾಗುತ್ತದೆ. ಲಂಡನ್‌ನವರು 2003ರಿಂದ ನಗರದ ನಡುಭಾಗಕ್ಕೆ ಕಾರು ತಂದವರಿಂದ ದಿನಕ್ಕೆ ಇಷ್ಟು ಅಂತ ವಸೂಲಿ ಮಾಡುತ್ತಿದ್ದಾರೆ. ನ್ಯೂಯಾರ್ಕ್‌ನಲ್ಲಿ ಅದೇ ಪದ್ಧತಿ 2025ರ ಜನವರಿಯಲ್ಲಿ ಶುರುವಾಯಿತು. ಆದರೂ ಲಂಡನ್ ಪಟ್ಟಿಯಲ್ಲಿ ಐದನೆಯದು. ಜಾಮ್ ಅಂದರೆ ಬಡ ದೇಶದ ರೋಗ ಅಂತ ತಿಳಿಯಬೇಕಿಲ್ಲ.

ನನಗೆ ಇಷ್ಟವಾಗಿದ್ದು ಜಪಾನಿನ ಕಾನೂನು. ಕಾರು ಕೊಳ್ಳಬೇಕಾದರೆ ಅದನ್ನು ನಿಲ್ಲಿಸೋಕೆ ನಿನ್ನದೇ ಜಾಗ ಇದೆ ಅಂತ ಮೊದಲು ಪೊಲೀಸರಿಂದ ಪತ್ರ ತರಬೇಕು. 1962ರ ಕಾನೂನು. ಕಾರು ನಿನ್ನದಾದರೆ ಕೊಟ್ಟಿಗೆಯೂ ನಿನ್ನದೇ ಇರಲಿ, ರಸ್ತೆ ಎಲ್ಲರದು. ನಮ್ಮಲ್ಲಿ ಎತ್ತು ತರುವ ಮೊದಲು ಗೊಂತು ಎಲ್ಲಿ ಅಂತ ನೋಡುತ್ತೇವೆ. ಟ್ರ್ಯಾಕ್ಟರ್ ತರುವಾಗ ನೋಡುವುದಿಲ್ಲ, ಅದು ಮನೆ ಮುಂದಿನ ಟಾರ್ ರಸ್ತೆಯಲ್ಲೇ ಮಲಗುತ್ತದೆ.

ವಿಯೆಟ್ನಾಂನ ಹನೋಯಿ ನಗರದ ವಿಡಿಯೊ ಸಿಕ್ಕಿದರೆ ನೋಡಿ. ಬೈಕುಗಳ ಹೊಳೆ. ಅದರ ನಡುವೆ ಒಬ್ಬ ಅಜ್ಜಿ ರಸ್ತೆ ದಾಟುತ್ತಾಳೆ. ಓಡುವುದಿಲ್ಲ, ನಿಲ್ಲುವುದಿಲ್ಲ, ಹಿಂದಕ್ಕೆ ಹೆಜ್ಜೆ ಇಡುವುದಿಲ್ಲ. ಒಂದೇ ಸಮನೆ ನಡೆಯುತ್ತಾಳೆ, ಬೈಕುಗಳು ಎಡಕ್ಕೂ ಬಲಕ್ಕೂ ಹರಿದು ಹೋಗುತ್ತವೆ. ನೋಡಿದ ಕೂಡಲೇ ನನಗೆ ನಮ್ಮ ಎಮ್ಮೆಗಳ ನೆನಪಾಯಿತು. ಎಮ್ಮೆ ರಸ್ತೆ ದಾಟುವುದೂ ಹಾಗೇ. ಅಪಾಯ ಇರುವುದು ಕರುವಿನದು, ಅದು ಯಾವ ಕಡೆ ನೆಗೆಯುತ್ತದೆ ಅಂತ ಅದಕ್ಕೇ ಗೊತ್ತಿರುವುದಿಲ್ಲ.

ಇನ್ನು ಜಾಮ್ ಅಂದರೆ ಚೀನಾದ್ದು. 2010ರ ಆಗಸ್ಟ್‌ನಲ್ಲಿ ಬೀಜಿಂಗ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕಲ್ಲಿದ್ದಲು ಲಾರಿಗಳು ಹೆಚ್ಚಾಗಿ, ಜೊತೆಗೆ ರಸ್ತೆ ರಿಪೇರಿಯೂ ಸೇರಿ, ನೂರು ಕಿಲೋಮೀಟರ್ ಉದ್ದಕ್ಕೆ ಗಾಡಿಗಳು ನಿಂತವು. ಬಿಡಿಸೋಕೆ ಹತ್ತು ದಿನದ ಮೇಲೆ ಹಿಡಿಯಿತು. ಡ್ರೈವರ್‌ಗಳು ಲಾರಿ ಕೆಳಗೆ ಮಲಗಿದರು, ಇಸ್ಪೀಟು ಆಡಿದರು. ಅಕ್ಕಪಕ್ಕದ ಹಳ್ಳಿಯವರು ನೀರಿನ ಬಾಟಲಿ, ನೂಡಲ್ಸ್ ತಂದು ಹಲವು ಪಟ್ಟು ರೇಟಿಗೆ ಮಾರಿದರು. ಆಯುಧಪೂಜೆಯ ಹಿಂದಿನ ರಾತ್ರಿ ನೆಲಮಂಗಲದ ಟೋಲ್ ಹತ್ತಿರ ಸೌತೆಕಾಯಿ, ಕಡ್ಲೆಕಾಯಿ ಮಾರುವವರನ್ನು ನೋಡಿದವರಿಗೆ ಆ ಹಳ್ಳಿಯವರ ಮೇಲೆ ಸಿಟ್ಟು ಬರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಮಾವನ ಮಾತಿಗೆ ಬರುತ್ತೇನೆ. ಈ ಪಟ್ಟಿಗಳೆಲ್ಲ ಅಳೆಯುವುದು ಒಂದೇ, ಎಷ್ಟು ಹೊತ್ತು ಹಾಳಾಯಿತು ಅಂತ. ನಿಧಾನವಾಗಿರುವುದು ಕೆಟ್ಟದ್ದು ಅಂತಲೇ ಲೆಕ್ಕ. ಆದರೆ ಗಂಟೆಗೆ ಹದಿನೇಳು ಕಿಲೋಮೀಟರ್ ವೇಗದಲ್ಲಿ ಗುದ್ದಿದರೆ ಬಂಪರ್ ಒಡೆಯುತ್ತದೆ, ಬೈಗುಳ ಕೇಳಬೇಕಾಗುತ್ತದೆ. ಎಪ್ಪತ್ತರಲ್ಲಿ ಗುದ್ದಿದರೆ ತಿಥಿ.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆಯ ಲೆಕ್ಕ. ಅವರಲ್ಲಿ ನೂರಕ್ಕೆ 68 ಮಂದಿ ಸತ್ತಿದ್ದು ಹಳ್ಳಿಗಾಡಿನಲ್ಲಿ. ನಗರದಲ್ಲಿ ಅಲ್ಲ, ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅಲ್ಲ. "ಜಾಮೂ ಇಲ್ಲ, ಹೊಗೇನೂ ಇಲ್ಲ" ಅಂತೀವಲ್ಲ, ಆ ರಸ್ತೆಗಳಲ್ಲಿ. ನೂರಕ್ಕೆ 44 ಮಂದಿ ಬೈಕು, ಸ್ಕೂಟರ್‌ನವರು. ಹೆಲ್ಮೆಟ್ ಇಲ್ಲದೆ ಸತ್ತವರೇ ಐವತ್ತು ಸಾವಿರ.

ಟಿವಿಯವರು ಬೆಂಗಳೂರಿನ ಜಾಮ್ ತೋರಿಸುತ್ತಾರೆ, ಯಾಕಂದರೆ ಅವರೂ ಅದರಲ್ಲೇ ಸಿಕ್ಕಿಹಾಕಿಕೊಂಡಿರುತ್ತಾರೆ. ರಾತ್ರಿ ಹತ್ತು ಗಂಟೆಗೆ ತೆಂಗಿನ ತೋಟದ ನಡುವಿನ ರಸ್ತೆಯಲ್ಲಿ ಒಬ್ಬ ಬಿದ್ದರೆ ಅದು ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು.

ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದ ಒಬ್ಬ ಹುಡುಗ ಹೀಗೆ ನಾಲ್ಕು ಸಾಲಾದ. ಮದುವೆಯ ಹಿಂದಿನ ದಿನದ ಆರತಕ್ಷತೆ ಊಟ ಮುಗಿಸಿ ಬೈಕಿನಲ್ಲಿ ವಾಪಸು ಬರುತ್ತಿದ್ದ. ಕುಡಿದಿರಲಿಲ್ಲ. ಮಟ್ಟೆ ತುಂಬಿದ ಟ್ರೇಲರ್ ಒಂದು ಟಯರ್ ಪಂಕ್ಚರ್ ಆಗಿ ರಸ್ತೆಯಲ್ಲೇ ನಿಂತಿತ್ತು. ಟ್ರ್ಯಾಕ್ಟರ್ ಬಿಚ್ಚಿಕೊಂಡು ಹೋಗಿದ್ದರು. ಹಿಂದೆ ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಒಣಗಿದ ಮಟ್ಟೆಯ ಬಣ್ಣ ನಿಮಗೆ ಗೊತ್ತಲ್ಲ, ರಾತ್ರಿ ಹೆಡ್‌ಲೈಟಿನ ಬೆಳಕನ್ನು ನುಂಗಿಕೊಂಡುಬಿಡುತ್ತದೆ. ಎದುರಿನಿಂದ ಬಂದ ಕಾರಿನ ದೀಪ ಕಣ್ಣಿಗೆ ಹೊಡೆದಿರಬೇಕು. ಬ್ರೇಕ್ ಹಾಕಿದ ಗುರುತೇ ರಸ್ತೆ ಮೇಲೆ ಇರಲಿಲ್ಲ.

ಆ ರಸ್ತೆ ಹೊಸದಾಗಿ ಟಾರ್ ಆಗಿತ್ತು. ವರ್ಷಗಟ್ಟಲೆ ಗುಂಡಿ ಗುಂಡಿ ಅಂತ ಎಲ್ಲರೂ ಬೈದುಕೊಂಡು ಓಡಾಡಿದ ರಸ್ತೆ. ಗುಂಡಿ ಇದ್ದ ಕಾಲದಲ್ಲಿ ಅಲ್ಲಿ ಯಾರೂ ಸತ್ತಿರಲಿಲ್ಲ. ಗುಂಡಿ ಇರಲಿ ಅಂತ ನಾನು ಹೇಳುತ್ತಿಲ್ಲ. ಬಸುರಿ ಹೆಂಗಸರನ್ನು ಆ ರಸ್ತೆಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರಿಗೆ ಗುಂಡಿ ಏನು ಅಂತ ಗೊತ್ತು. ಆದರೆ ರಸ್ತೆ ಬದಲಾದಾಗ ಓಡಿಸುವವರೂ ಬದಲಾಗಬೇಕಿತ್ತು, ಅದನ್ನು ಯಾವ ಕಂಟ್ರಾಕ್ಟರೂ ಹಾಕಿಕೊಡುವುದಿಲ್ಲ.

ಮೂರನೇ ದಿನಕ್ಕೆ ಆ ಜಾಗದಲ್ಲಿ ಯಾರೋ ಕುಂಬಳಕಾಯಿ ಒಡೆದು, ನಿಂಬೆಹಣ್ಣು, ಕುಂಕುಮ ಹಾಕಿದ್ದರು. "ಅಲ್ಲಿ ಗಾಳಿ ಐತೆ" ಅನ್ನುವ ಮಾತು ಹುಟ್ಟಿತು. ಈಗಲೂ ಕೆಲವರು ಅಲ್ಲಿ ಬಂದಾಗ ಮೆಲ್ಲಗೆ ಹೋಗುತ್ತಾರೆ. ಟ್ರೇಲರ್‌ನ ಟಯರಿಗೆ ಕೊಟ್ಟಿದ್ದ ಕಲ್ಲು ಮಾತ್ರ ತಿಂಗಳುಗಟ್ಟಲೆ ಅದೇ ರಸ್ತೆಯ ಅಂಚಿನಲ್ಲಿ ಬಿದ್ದಿತ್ತು.

ಕೊಲಂಬಿಯಾದ ರಾಜಧಾನಿ ಬೊಗೋಟದಲ್ಲಿ ಅಂಟಾನಾಸ್ ಮೊಕುಸ್ ಅನ್ನುವ ಮೇಷ್ಟ್ರೊಬ್ಬರು 1995ರಲ್ಲಿ ಮೇಯರ್ ಆದರು. ನಡೆದು ಹೋಗುವವರು ಗಾಡಿಗೆ ಸಿಕ್ಕಿ ಸತ್ತ ಜಾಗದಲ್ಲೆಲ್ಲ ಅವರು ರಸ್ತೆ ಮೇಲೆ ನಕ್ಷತ್ರ ಬರೆಸಿದರು. ನಮ್ಮ ಕುಂಬಳಕಾಯಿಗೂ ಆ ನಕ್ಷತ್ರಕ್ಕೂ ತುಂಬ ದೂರವಿಲ್ಲ. ಎರಡೂ "ಇಲ್ಲಿ ಒಬ್ಬ ಹೋದ" ಅನ್ನುತ್ತವೆ. ವ್ಯತ್ಯಾಸ ಏನಂದರೆ, ಗಾಳಿಯ ಮೇಲೆ ಹಾಕಿದರೆ ನಾವು ಮಾಡೋಕೆ ಏನೂ ಉಳಿಯುವುದಿಲ್ಲ. ಮೊಕುಸ್ ಇನ್ನೂ ಒಂದು ಮಾಡಿದರು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಮೂಕಾಭಿನಯದ ಕಲಾವಿದರನ್ನು ಸರ್ಕಲ್‌ಗಳಲ್ಲಿ ಬಿಟ್ಟರು. ಯಾರಾದರೂ ಗೆರೆ ದಾಟಿ ಗಾಡಿ ನಿಲ್ಲಿಸಿದರೆ ಅವರು ಹಿಂದಿನಿಂದ ಅಣಕಿಸುತ್ತಿದ್ದರು, ನಿಂತ ಜನ ನಗುತ್ತಿದ್ದರು. ದಂಡ ಕಟ್ಟುವುದಕ್ಕಿಂತ ನಾಲ್ಕು ಜನರ ಮುಂದೆ ನಗೆಪಾಟಲಾಗುವುದು ಹೆಚ್ಚು ನಾಟಿತು. ಮುಂದಿನ ವರ್ಷಗಳಲ್ಲಿ ಬೊಗೋಟದಲ್ಲಿ ಅಪಘಾತದ ಸಾವು ಅರ್ಧದಷ್ಟಕ್ಕೆ ಇಳಿಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ನಮ್ಮ ಜಾತ್ರೆಗಳಲ್ಲಿ ಸೋಮನ ಕುಣಿತದವರಿಗೆ ಇಂಥ ಒಂದು ಕೆಲಸ ಕೊಟ್ಟರೆ ಹೇಗಿರುತ್ತದೆ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಫಿನ್ಲೆಂಡ್ ದೇಶದ ರಾಜಧಾನಿ ಹೆಲ್ಸಿಂಕಿ ಸುಮಾರು ಏಳು ಲಕ್ಷ ಜನರ ಊರು. 2024ರ ಜುಲೈನಿಂದ 2025ರ ಜುಲೈವರೆಗೆ, ಒಂದು ವರ್ಷ, ಅಲ್ಲಿ ರಸ್ತೆ ಅಪಘಾತದಲ್ಲಿ ಒಬ್ಬರೂ ಸಾಯಲಿಲ್ಲ. ಒಬ್ಬರೂ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಬೆಂಗಳೂರು ಜಾಮ್‌ನಿಂದ ನಿಧಾನ, ಹೆಲ್ಸಿಂಕಿ ಬೇಕೆಂದೇ ನಿಧಾನ. ನಾವು ಹತ್ತು ನಿಮಿಷಕ್ಕೆ ಹತ್ತು ಕಿಲೋಮೀಟರ್.

ನಮ್ಮ ದಾರಿಗೂ ಇಂಥ ಲೆಕ್ಕವಿದೆ. ಗುಬ್ಬಿ ತಾಲೂಕಿನ ಹರೀಶ್ ನಿಮಗೆ ನೆನಪಿರಬಹುದು. 2016ರ ಫೆಬ್ರವರಿಯಲ್ಲಿ ಊರಿಂದ ಬೈಕಿನಲ್ಲಿ ಬೆಂಗಳೂರಿಗೆ ವಾಪಸು ಹೋಗುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ, ತನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡ ಹುಡುಗ. ಅವನ ಕಣ್ಣುಗಳನ್ನು ದಾನ ಪಡೆದರು. ಆಮೇಲೆ ರಾಜ್ಯ ಸರ್ಕಾರ ಅವನ ಹೆಸರಿನಲ್ಲೇ ಸಾಂತ್ವನ ಹರೀಶ್ ಯೋಜನೆ ತಂದಿತು. ಅಪಘಾತವಾದವರಿಗೆ ಮೊದಲ 48 ಗಂಟೆ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರ ಮೇ ತಿಂಗಳಿಂದ ಕೇಂದ್ರದ ಯೋಜನೆಯೂ ಇದೆ: ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ, ಕೈಯಿಂದ ದುಡ್ಡು ಕಟ್ಟುವ ಹಾಗಿಲ್ಲ. ಬಿದ್ದವರನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರನ್ನು ಕೇಸಿಗೆ ಎಳೆಯಬಾರದು, ಹೆಸರು ಹೇಳಿ ಅಂತ ಬಲವಂತ ಮಾಡಬಾರದು ಅಂತಲೂ ಕಾನೂನಿದೆ. "ಎತ್ತಿದರೆ ನಮ್ಮ ತಲೆಗೇ ಬರುತ್ತೆ" ಅಂತ ನಿಂತು ನೋಡುವವರಿಗೆ ಇದನ್ನು ಹೇಳಿ. 108ಕ್ಕೆ ಫೋನ್ ಮಾಡುವಾಗ ಊರ ಹೆಸರಿನ ಜೊತೆ ಹತ್ತಿರದ ದೇವಸ್ಥಾನವೋ ಹಾಲಿನ ಡೇರಿಯೋ ಹೇಳಿದರೆ ಬೇಗ ಬರುತ್ತಾರೆ.

ಊರಿನ ರಸ್ತೆ ಬರೀ ಗಾಡಿಗಳದ್ದೂ ಅಲ್ಲ. ಡಿಸೆಂಬರ್, ಜನವರಿ ಬಂತೆಂದರೆ ಅದು ಕಣ. ರಾಗಿ ತೆನೆ, ಹುರುಳಿ ಗಿಡ ಹಾಸಿ, ಹೋಗುವ ಗಾಡಿಗಳಿಂದಲೇ ಒಕ್ಕಣೆ. ಸಗಣಿ ಸಾರಿಸಿ ಕಣ ಮಾಡೋಕೆ ಈಗ ಮನೆಯಲ್ಲಿ ಆಳಿಲ್ಲ, ದನವೂ ಇಲ್ಲ, ಅದು ಅರ್ಥವಾಗುತ್ತದೆ. ಆದರೆ ಹುಲ್ಲಿನ ಮೇಲೆ ಬೈಕ್ ಬ್ರೇಕ್ ಹಾಕಿದರೆ ಜಾರುತ್ತದೆ. ಹುರುಳಿ ಬಳ್ಳಿ ಕಾರಿನ ಕೆಳಗೆ ಸುತ್ತಿಕೊಂಡು, ಬಿಸಿಗೆ ಹೊತ್ತಿ, ಕಾರೇ ಉರಿದದ್ದೂ ಇದೆ. ರಾಶಿಗೆ ಗಾಡಿ ಹತ್ತದಿರಲಿ ಅಂತ ಸುತ್ತ ಇಡುವ ಗುಂಡುಕಲ್ಲುಗಳು ಕತ್ತಲಲ್ಲಿ ರಾಶಿಗಿಂತ ಅಪಾಯ.

ಕೊಬ್ಬರಿಗೆ ರೇಟು ಬಂದ ವರ್ಷ ಊರಲ್ಲಿ ಹೊಸ ಬೈಕುಗಳು ಬರುತ್ತವೆ. ಅಪ್ಪ ಅಟ್ಟದಿಂದ ಕೊಬ್ಬರಿ ಇಳಿಸಿದ, ಮಗ ಶೋರೂಮಿಗೆ ಹೋದ. ಅದರಲ್ಲಿ ತಪ್ಪೇನಿಲ್ಲ, ವರ್ಷಗಟ್ಟಲೆ ಕಾದ ದುಡ್ಡು. ನನ್ನ ತಕರಾರು ಇರುವುದು ಹೆಲ್ಮೆಟ್ ಬಗ್ಗೆ. ಬೈಕಿನ ಜೊತೆ ಕೊಟ್ಟಿದ್ದು ಪ್ಲಾಸ್ಟಿಕ್ ಕವರ್‌ನಲ್ಲೇ ಗೂಟಕ್ಕೆ ನೇತಾಡುತ್ತಿರುತ್ತದೆ. ಪೊಲೀಸರು ನಿಲ್ಲುವ ಕೆ.ಬಿ. ಕ್ರಾಸ್ ಹತ್ತಿರ ಬಂದಾಗ ಟ್ಯಾಂಕ್ ಮೇಲಿಂದ ತಲೆಗೆ ಏರಿ, ದಾಟಿದ ಕೂಡಲೇ ಮತ್ತೆ ಇಳಿಯುತ್ತದೆ. ಪೊಲೀಸರಿಗೆ ಅಂತ ಹಾಕುವುದು, ತಲೆಗೆ ಅಂತ ಅಲ್ಲ.

ನಮ್ಮ ದೊಡ್ಡಮ್ಮನ ಮೊಮ್ಮಗನಿಗೆ ಹದಿನೈದು. ಡೇರಿಗೆ ಹಾಲು, ತೋಟದಿಂದ ಹಸಿಹುಲ್ಲು ಎಲ್ಲ ಅವನದೇ ಸ್ಕೂಟರಿನಲ್ಲಿ. "ಎಷ್ಟ್ ಚೆನ್ನಾಗಿ ಓಡಿಸ್ತಾನೆ ನೋಡವ್ವ, ಕಾಲೇ ನೆಲಕ್ಕೆ ಸಿಗಲ್ಲ, ಆದ್ರೂ" ಅಂತ ದೊಡ್ಡಮ್ಮನಿಗೆ ಹೆಮ್ಮೆ. "ದೊಡ್ಡಮ್ಮ, ಹದಿನೆಂಟು ತುಂಬದವರು ಓಡಿಸಿ ಸಿಕ್ಕಿಬಿದ್ರೆ ಗಾಡಿ ಯಾರದೋ ಅವರಿಗೆ 25 ಸಾವಿರ ದಂಡ, ಮೂರು ವರ್ಷದವರೆಗೆ ಜೈಲು, 2019ರಿಂದ ಕಾನೂನೈತೆ" ಅಂದೆ. "ನಮ್ಮೂರಿಗೆ ಯಾವ ಪೊಲೀಸ್ ಬರ್ತಾನೆ ಬಿಡು" ಅಂದರು. ಆಗ ಇನ್ನೊಂದು ಹೇಳಿದೆ: ಅವನೇನಾದರೂ ಯಾರಿಗಾದರೂ ಗುದ್ದಿದರೆ, ಲೈಸೆನ್ಸ್ ಇಲ್ಲ ಅಂತ ವಿಮೆ ಕಂಪನಿ ಪರಿಹಾರದ ದುಡ್ಡನ್ನು ಗಾಡಿ ಮಾಲೀಕರಿಂದ ವಾಪಸು ಕೇಳಬಹುದು. ವಿಮೆಯೇ ಮುಗಿದಿದ್ದರೆ ಪೂರ್ತಿ ಮಾಲೀಕರ ಮೇಲೇ. ಅದು ಲಕ್ಷಗಳ ಮಾತು, ತೋಟದ ಮಾತು. ದೊಡ್ಡಮ್ಮ ಸುಮ್ಮನಾದರು. ಪೊಲೀಸ್ ಅಂದರೆ ಹೆದರದವರು ತೆಂಗಿನ ಮರ ಅಂದರೆ ಹೆದರುತ್ತಾರೆ. ಹುಡುಗ ಈಗ ಹಾಲಿಗೆ ಸೈಕಲ್‌ನಲ್ಲಿ ಹೋಗುತ್ತಾನೆ, ಹುಲ್ಲಿಗೆ ಇನ್ನೂ ಸ್ಕೂಟರೇ.

ಮಾವ ತನ್ನ ಕ್ಯಾಂಟರ್‌ನ ಸೀಟಿನ ಹಿಂದೆ ಕೆಂಪು ಬಣ್ಣದ ಹೊಳೆಯುವ ಟೇಪಿನ ಒಂದು ಸುರುಳಿ ಇಟ್ಟುಕೊಂಡಿದ್ದಾರೆ. ನನ್ನ ಆ ಸಹಪಾಠಿ ಹೋದ ವರ್ಷದಿಂದ. ದಾರಿಯಲ್ಲಿ ಟೀ ಕುಡಿಯೋಕೆ ನಿಂತಾಗ ಹಿಂದೆ ದೀಪವಿಲ್ಲದ ಟ್ರೇಲರ್ ಕಂಡರೆ ಒಂದೆರಡು ತುಂಡು ಕತ್ತರಿಸಿ ಅಂಟಿಸಿ ಬರುತ್ತಾರೆ. ಕೆಲವರು ನಗುತ್ತಾರೆ, ಒಬ್ಬ ಜಗಳಕ್ಕೂ ಬಂದಿದ್ದನಂತೆ. "ನನ್ ಕ್ಯಾಂಟರ್ ಅದಕ್ಕೆ ಗುದ್ದಬಾರ್ದು ಅಂತ ಅಂಟಿಸ್ತೀನಿ ಕಣವ್ವ, ಅವನಿಗೋಸ್ಕರ ಅಲ್ಲ" ಅಂತಾರೆ.

ಹೋದ ತಿಂಗಳು ನಮ್ಮ ಮನೆಯ ಟ್ರೇಲರಿಗೂ ಅಂಟಿಸಿದೆವು. ದೊಡ್ಡಪ್ಪ "ಮಟ್ಟೆ ಧೂಳಿಗೆ ಎರಡು ದಿನ ನಿಲ್ಲಲ್ಲ" ಅಂದರು. ನಿಂತಿದೆ. ಅಂಟಿಸುವ ಮೊದಲು ಒದ್ದೆ ಬಟ್ಟೆಯಲ್ಲಿ ತಗಡು ಒರೆಸಿ ಪೂರ್ತಿ ಒಣಗಿಸಬೇಕು, ತುಕ್ಕು ಇದ್ದರೆ ಉಜ್ಜಬೇಕು. ಹಿಂದಿನ ಬಾಗಿಲಿಗೆ ಮಾತ್ರ ಅಂಟಿಸಿದರೆ, ಮಟ್ಟೆ ಹೇರಿದಾಗ ಬಾಗಿಲು ಕೆಳಗೆ ಬಿಟ್ಟು ಅದು ಮರೆಯಾಗುತ್ತದೆ. ಚಾಸಿಗೂ ಎರಡು ತುಂಡು ಇರಲಿ. ಒಂದು ಬಲಮೂಲೆಗೆ, ಹಿಂದಿನಿಂದ ಓವರ್‌ಟೇಕ್ ಮಾಡಲು ಬರುವವನಿಗೆ ಮೊದಲು ಎದುರಾಗುವುದು ಆ ಮೂಲೆ.